ಕೊಟ್ಟಿಗೆ ಕೆಲಸದಾಕೆಗೆ ಪೆಟ್ಟಾದರೆ ಹೊಣೆ ಯಾರದು?



ಕಳೆದ ಮಳೆಗಾಲದಲ್ಲಿ ಕೆಚ್ಚಲು ಬಾವು ಬಂದ ಹಸು ನೋಡಲು ಒಂದು ಮನೆಗೆ ಹೋಗಿದ್ದೆ. ಕೊಟ್ಟಿಗೆಯ ಮೂಲೆಯಲ್ಲಿ ಕೆಲಸದ ಹೆಣ್ಣುಮಗಳು ಬಲಗೈಗೆ ಬ್ಯಾಂಡೇಜ್ ಕಟ್ಟಿಕೊಂಡು ಕೂತಿದ್ದಳು. ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ದಂಟು ಕೊಡುವಾಗ ಎರಡು ಬೆರಳು ಹೋಗಿದ್ದವು. "ಆಸ್ಪತ್ರೆ ಖರ್ಚು ನಾನೇ ಕೊಟ್ಟೆ ಡಾಕ್ಟ್ರೇ, ಇನ್ನೇನು ಮಾಡೋದು?" ಎಂದರು ಮನೆಯೊಡತಿ. ಪರಿಹಾರದ ಮಾತೆತ್ತಿದಾಗ, "ಅದೆಲ್ಲಾ ಫ್ಯಾಕ್ಟರಿಯವರಿಗಲ್ವಾ?" ಎಂದು ಕೇಳಿದರು. ನಮ್ಮಲ್ಲಿ ಬಹಳ ಮಂದಿ ಹೀಗೇ ತಿಳಿದಿದ್ದಾರೆ. ಅದು ತಪ್ಪು.

ಕಾನೂನು ನಮ್ಮ ಕೊಟ್ಟಿಗೆಗೂ ಬರುತ್ತದೆ

ಕೆಲಸದಲ್ಲಿ ಪೆಟ್ಟಾದವರಿಗೆ ಮಾಲೀಕರು ಪರಿಹಾರ ಕೊಡಬೇಕೆಂಬ ಕಾನೂನು 1923ರಿಂದಲೂ ಇದೆ. ಈಗ ಅದರ ಅಂಶಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಜಾನುವಾರು ಸಾಕಣೆ ಮತ್ತು ಪಾಲನೆಯ ಕೆಲಸ ಮಾಡುವವರೂ ಇದರ ಪಟ್ಟಿಯಲ್ಲಿದ್ದಾರೆ. ಇಷ್ಟು ಆಳು ಇರಲೇಬೇಕು ಎಂಬ ಲೆಕ್ಕ ಈಗಿಲ್ಲ. ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡರೂ ನೀವು ಮಾಲೀಕರೇ. ಮನೆಯವರು, ಕೂಲಿಯಿಲ್ಲದೆ ಮುಯ್ಯಿಗೆ ಬಂದವರು ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ.

ನಮ್ಮಲ್ಲಿ ಕೆಲವರು ಬೇರೆಯವರ ಕೊಟ್ಟಿಗೆಗೂ ಕೂಲಿಗೆ ಹೋಗುತ್ತೀರಿ. ಅಲ್ಲಿ ಇದೇ ಕಾನೂನು ನಿಮ್ಮ ಹಕ್ಕು.

ಏನೇನು ಕೊಡಬೇಕು?

• ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಯ ನಿಜವಾದ ಖರ್ಚು.
• ಕೆಲಸಕ್ಕೆ ಬರಲಾಗದ ದಿನಗಳಿಗೆ, ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ. 25. ಮೂರು ದಿನದೊಳಗೆ ವಾಸಿಯಾಗುವ ಪೆಟ್ಟಿಗೆ ಇದಿಲ್ಲ.
• ಅಂಗ ಕಳೆದುಕೊಂಡರೆ ಅಥವಾ ಜೀವ ಹೋದರೆ, ಸಂಬಳ ಮತ್ತು ವಯಸ್ಸಿನ ಲೆಕ್ಕದಲ್ಲಿ ಒಟ್ಟು ಮೊತ್ತ.

ಲೆಕ್ಕ ಹೇಗೆಂದು ನೋಡಿ. ಕೆಲಸದಾಕೆಗೆ 40 ವರ್ಷ, ತಿಂಗಳಿಗೆ 12,000 ರೂಪಾಯಿ ಸಂಬಳ ಎಂದುಕೊಳ್ಳಿ. ಸಂಬಳದ ಶೇ. 60 ಎಂದರೆ 7,200. ನಲವತ್ತು ವರ್ಷಕ್ಕೆ ನಿಗದಿಯಾದ ಅಂಶ 184.17. ಗುಣಿಸಿದರೆ 13,26,024 ರೂಪಾಯಿ. ಇದು ಪೂರ್ತಿ ದುಡಿಯಲಾಗದವರಿಗೆ. ಒಂದೇ ಕೈಯ ಎರಡು ಬೆರಳು ಹೋದರೆ ಕಾನೂನಿನ ಪಟ್ಟಿಯಲ್ಲಿ ಶೇ. 20 ನಷ್ಟ. ಅಂದರೆ ಸುಮಾರು 2 ಲಕ್ಷ 65 ಸಾವಿರ ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ. ಸರಿಯಾದ ಕಾರಣವಿಲ್ಲದೆ ತಡಮಾಡಿದರೆ ದಂಡವೂ ಸೇರಬಹುದು.

"ಊರಲ್ಲೇ ಮುಗಿಸಿಕೊಂಡೆವು" ಎಂದರೆ ಆಗದು

ಐದೋ ಹತ್ತೋ ಸಾವಿರ ಕೊಟ್ಟು, ಇನ್ನೇನೂ ಕೇಳುವುದಿಲ್ಲ ಎಂದು ಹೆಬ್ಬೆಟ್ಟು ಹಾಕಿಸಿಕೊಂಡರೆ ಆ ಕಾಗದಕ್ಕೆ ಬೆಲೆಯಿಲ್ಲ. ಜೀವ ಹೋದ ಪ್ರಕರಣದಲ್ಲಿ, ಮತ್ತು ಮಹಿಳೆಗೆ ಒಟ್ಟು ಮೊತ್ತ ಕೊಡುವಾಗ, ಹಣವನ್ನು ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ಕೈಗೆ ಕೊಟ್ಟರೆ ಕೊಟ್ಟಂತೆ ಆಗುವುದಿಲ್ಲ. ದಾರಿ ತಿಳಿಯದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ಕಾಯಿಲೆಯೂ ಅಪಘಾತವೇ

ಪಶುವೈದ್ಯೆಯಾಗಿ ಇದನ್ನು ಒತ್ತಿ ಹೇಳುತ್ತೇನೆ. ಹಸು ಕಂದು ಹಾಕಿದಾಗ ಮಾಸನ್ನು ಬರಿಗೈಯಲ್ಲಿ ಎತ್ತಿದರೆ ಬ್ರುಸೆಲ್ಲೋಸಿಸ್ ರೋಗ ಮನುಷ್ಯರಿಗೂ ಬರಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲು ನೋವು ತಿಂಗಳುಗಟ್ಟಲೆ ಕಾಡುತ್ತವೆ. ಪ್ರಾಣಿಗಳ ಕೆಲಸದಿಂದ ತಗಲುವ ಇಂಥ ಸೋಂಕುಗಳನ್ನೂ ಕಾನೂನು ಕೆಲಸದ ಗಾಯವೆಂದೇ ಎಣಿಸುತ್ತದೆ. ಆದ್ದರಿಂದ ಕೆಲಸದವರಿಗೆ ಕೈಗವಸು ಕೊಡಿ. ಮಾಸನ್ನು ಸುಣ್ಣ ಹಾಕಿ ಆಳವಾಗಿ ಹೂಳಿಸಿ. ಜ್ವರ ಬಂದರೆ "ಹಸು ಕಂದು ಹಾಕಿತ್ತು" ಎಂದು ವೈದ್ಯರಿಗೆ ತಪ್ಪದೆ ಹೇಳಲಿ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕಿಸಿ.

ಇವತ್ತೇ ಮಾಡಬೇಕಾದ್ದು

1. ಮೇವು ಯಂತ್ರದ ಬೆಲ್ಟು, ಚಕ್ರ, ಬಾಯಿಗೆ ಕವರ್ ಹಾಕಿಸಿ. ಮೇವು ಕೊಡುವವರ ಕೈಗೆಟುಕುವಂತೆ ಸ್ವಿಚ್ ಇರಲಿ.
2. ಮೇವು ಸಿಕ್ಕಿಕೊಂಡರೆ ಕರೆಂಟ್ ತೆಗೆದು, ಚಕ್ರ ಪೂರ್ತಿ ನಿಂತ ಮೇಲೆ ಕೈ ಹಾಕಿ. ಸೆರಗು ಸಿಕ್ಕಿಸಿ, ಬಳೆ ತೆಗೆದಿಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.
3. ಬೆರಳು ತುಂಡಾದರೆ ಅದನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಮೇಲಿಟ್ಟು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು.
4. ಒಂದು ನೋಟ್‌ಬುಕ್‌ನಲ್ಲಿ ಕೆಲಸದವರ ಹೆಸರು, ವಯಸ್ಸು, ಸೇರಿದ ದಿನ, ಸಂಬಳ ಬರೆದಿಡಿ. ಇದು ಇಬ್ಬರಿಗೂ ರಕ್ಷೆ.
5. ಸಾಮಾನ್ಯ ವಿಮಾ ಕಂಪನಿಗಳಲ್ಲಿ ನೌಕರರ ಪರಿಹಾರ ಪಾಲಿಸಿ ಸಿಗುತ್ತದೆ. ಚಿಕಿತ್ಸೆ ಖರ್ಚೂ ಸೇರಿದೆಯೇ ಎಂದು ಕೇಳಿ ಮಾಡಿಸಿ.
6. ನಿಮ್ಮ ಕೈಗೇ ಪೆಟ್ಟಾದರೆ ಈ ಕಾನೂನಿನಲ್ಲಿ ಪರಿಹಾರವಿಲ್ಲ. ಅದಕ್ಕಾಗಿ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಿಕೊಳ್ಳಿ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ಸಿಗುತ್ತದೆ. ಕೆಲಸದವರಿಗೂ ಮಾಡಿಸಿ. ಆದರೆ ಅದರಿಂದ ನಿಮ್ಮ ಹೊಣೆ ತಪ್ಪುವುದಿಲ್ಲ.

ಆ ಮನೆಯೊಡತಿ ಈಗ ಯಂತ್ರಕ್ಕೆ ಕವರ್ ಹಾಕಿಸಿದ್ದಾರೆ. ಆ ಕೆಲಸದಾಕೆಯನ್ನು ಕರೆದುಕೊಂಡು ಕಾನೂನು ಸೇವಾ ಸಮಿತಿಗೂ ಹೋಗಿ ಬಂದಿದ್ದಾರೆ. "ನನ್ನ ಹಸು ಹಾಲು ಕೊಡ್ತಿರೋದು ಅವಳ ಕೈಯಿಂದಲೇ ಅಲ್ವಾ" ಎಂದರು. ಹಸುವಿಗೆ ವಿಮೆ ಮಾಡಿಸಿ ಕಿವಿಗೆ ಓಲೆ ಹಾಕಿಸುವ ನಾವು, ಅದಕ್ಕೆ ಮೇವು ಹಾಕುವ ಕೈಯನ್ನು ಮರೆಯಬಾರದು. ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ ಮಾತಾಡಿ.