ಎಲ್ಲಿ ನಿಂತು ನೋಡುತ್ತೀರಿ?



ಶಹಾಪುರದ ಬೆಟ್ಟವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ದೂರದಲ್ಲಿ ಒಂದು ಕಡೆ ನಿಂತು ನೋಡಿದರೆ ಅಂಗಾತ ಮಲಗಿದ ಮನುಷ್ಯನ ಆಕಾರ ಕಾಣುತ್ತದೆ. ಜನ ಅದನ್ನು ಮಲಗಿದ ಬುದ್ಧ ಎನ್ನುತ್ತಾರೆ. ಅದೇ ಬೆಟ್ಟದ ಬುಡಕ್ಕೆ ಹೋದರೆ ಮುಖವೂ ಇಲ್ಲ, ಎದೆಯೂ ಇಲ್ಲ, ಬರೀ ಬಂಡೆಗಲ್ಲು. ಬಹಳ ದಿನ ಈ ಬೆಟ್ಟ ನನ್ನ ಪ್ರಬೋಧನೆಗಳಿಗೆ ಒದಗಿಬರುತ್ತಿತ್ತು. ನಿಲ್ಲುವ ಜಾಗ ಬದಲಿಸಿರಿ, ಬದುಕು ಸುಂದರವಾಗಿ ಕಾಣುತ್ತದೆ ಎನ್ನುತ್ತಿದ್ದೆ. ಆ ಅಭ್ಯಾಸ ಬಿಡಿಸಿದವರು ಸುರಪುರ ಕಡೆಯ ಒಬ್ಬ ರೈತರು.

ಅವರ ಹೊಲ ಕಾಲುವೆಯ ಕೊನೆಯಲ್ಲಿದೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಸುರಪುರ, ಶಹಾಪುರ ಸೀಮೆಯ ಎಷ್ಟೋ ಒಣಭೂಮಿ ಭತ್ತದ ಗದ್ದೆಯಾದದ್ದು ನಿಜ. ಆದರೆ ಕೃಷ್ಣೆಯ ನೀರು ಕಾಲುವೆಯ ತುದಿಯವರೆಗೆ ಬಂದಾಗ ಬಂತು. ಆ ವರ್ಷ ಬರಲಿಲ್ಲ. ಹತ್ತಿ ಒಣಗಿತ್ತು, ಸಾಲ ಬೆಳೆದಿತ್ತು. ಮನೆಗೆ ಹೋದ ನಾನು, "ಒಳ್ಳೆಯದನ್ನೇ ನೋಡಿರಿ, ಎಲ್ಲಾ ಸರಿಹೋಗುತ್ತದೆ" ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ನೀವು ನಿಂತ ಕಡಿಂದ ಛಲೋನೇ ಕಾಣ್ತದ ಫಾದರ್. ಒಮ್ಮೆ ನನ್ನ ಹೊಲದಾಗ ನಿಂತು ನೋಡ್ರಿ" ಎಂದರು. ಕೊಟ್ಟ ಚಹಾ ಕುಡಿದು ಸುಮ್ಮನೆ ಎದ್ದು ಬಂದೆ.

ಅಂದು ರಾತ್ರಿ ಸೆಮಿನರಿಯಲ್ಲಿ ಓದಿದ ಸಂತ ಥಾಮಸ್ ಅಕ್ವಿನಾಸರು ನೆನಪಾದರು. ನಾವು ಯಾವುದನ್ನು ಭರವಸೆಯಿಂದ ಎದುರುನೋಡುತ್ತೇವೆಯೋ ಅದಕ್ಕೆ ಅವರು ನಾಲ್ಕು ಲಕ್ಷಣಗಳನ್ನು ಹೇಳುತ್ತಾರೆ. ಅದು ಒಳಿತಾಗಿರಬೇಕು, ಇನ್ನೂ ಕೈಗೆ ಬಾರದ್ದಾಗಿರಬೇಕು, ಕಷ್ಟದ್ದಾಗಿರಬೇಕು, ಆದರೂ ಸಾಧ್ಯವಾದದ್ದಾಗಿರಬೇಕು. ನಾನು ಮರೆತದ್ದು ಮೂರನೆಯದನ್ನು. ಭರವಸೆಗೆ ವಿರುದ್ಧವಾದ ಪಾಪವೆಂದರೆ ನಿರಾಶೆ ಒಂದೇ ಎಂದು ನಾವು ತಿಳಿಯುತ್ತೇವೆ. ಇನ್ನೊಂದಿದೆ: ದೇವರನ್ನು ಸದರ ಮಾಡಿಕೊಂಡು, ಹೇಗೂ ಆಗುತ್ತದೆ ಬಿಡು ಎನ್ನುವ ಉಡಾಫೆ. ಅದು ನಗುಮುಖದಲ್ಲಿ ಬರುವುದರಿಂದ ಗುರುತು ಹಿಡಿಯುವುದು ಕಷ್ಟ. ಲಾಜರನನ್ನು ಎಬ್ಬಿಸಲೆಂದೇ ಹೊರಟಿದ್ದ ಪ್ರಭು ಯೇಸು, ಅವನ ಅಕ್ಕತಂಗಿಯರ ನಡುವೆ ನಿಂತು ಮೊದಲು ಅತ್ತರು. ಅಳುವುದೇಕೆ ಎಂದು ಅವರನ್ನು ಗದರಿಸಲಿಲ್ಲ.

ಹಾಗಾದರೆ ನಾವು ಆರಿಸಿಕೊಳ್ಳಬಹುದಾದದ್ದು ಏನು? ವಿಯೆಟ್ನಾಮಿನ ಧರ್ಮಾಧ್ಯಕ್ಷ ನುಯೆನ್ ವಾನ್ ತುವಾನ್ ಅವರನ್ನು 1975ರ ಆಗಸ್ಟ್ 15ರಂದು, ದೇವಮಾತೆಯ ಹಬ್ಬದ ದಿನವೇ, ಸರ್ಕಾರ ಬಂಧಿಸಿತು. 13 ವರ್ಷ ಸೆರೆ, ಅದರಲ್ಲಿ 9 ವರ್ಷ ಏಕಾಂತವಾಸ. ಬಿಡುಗಡೆಗಾಗಿ ಕಾಯುತ್ತಾ ಕೂರುವುದಿಲ್ಲ, ಇಂದಿನ ದಿನವನ್ನೇ ಪ್ರೀತಿಯಿಂದ ತುಂಬುತ್ತೇನೆ ಎಂದು ಅವರು ನಿಶ್ಚಯಿಸಿದರು. ಒಬ್ಬ ಪುಟ್ಟ ಹುಡುಗ ತಂದುಕೊಟ್ಟ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ತಮ್ಮ ಜನರಿಗೆ ಸಂದೇಶ ಬರೆದರು. ಹೊಟ್ಟೆನೋವಿನ ಔಷಧಿ ಎಂದು ತರಿಸಿಕೊಂಡ ದ್ರಾಕ್ಷಾರಸದ ಮೂರು ಹನಿ, ನೀರಿನ ಒಂದು ಹನಿ ಅಂಗೈಯಲ್ಲಿಟ್ಟುಕೊಂಡು ಬಲಿಪೂಜೆ ಅರ್ಪಿಸಿದರು. ಅವರಿಗೆ ಸೆರೆಮನೆ ಅರಮನೆಯಾಗಿ ಕಾಣಲಿಲ್ಲ. ಸೆರೆಮನೆಯಲ್ಲಿ ಮಾಡಬಹುದಾದದ್ದು ಕಂಡಿತು.

ಆ ರೈತರ ಮನೆಯಲ್ಲೂ ಇಂಥದ್ದೇ ನಡೆದದ್ದು ನನಗೆ ತಡವಾಗಿ ತಿಳಿಯಿತು. ಗಂಡಹೆಂಡತಿ ಗುಳೆ ಹೊರಟಿದ್ದರು, ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ಒಂಬತ್ತನೆಯ ತರಗತಿಯ ಮಗಳನ್ನು ಕರೆದೊಯ್ದಿದ್ದರೆ ಅಡುಗೆಗೆ, ಚಿಕ್ಕವನನ್ನು ನೋಡಿಕೊಳ್ಳಲು ಕೈಯೊದಗುತ್ತಿತ್ತು. ಎಲ್ಲರೂ ಹಾಗೆಯೇ ಮಾಡುತ್ತಾರೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರಷ್ಟು, ರಾಜ್ಯದಲ್ಲೇ ಕಡಿಮೆ. ಅದರ ಹಿಂದೆ ಇಂಥ ಎಷ್ಟು ಮನೆಗಳ ನಿರ್ಧಾರಗಳಿವೆಯೋ! ಈ ತಾಯಿ ಮಗಳನ್ನು ಹಾಸ್ಟೆಲಿಗೆ ಸೇರಿಸಿ, ಚಿಕ್ಕವನನ್ನು ಕಂಕುಳಲ್ಲಿ ಎತ್ತಿಕೊಂಡು ಹೋದರು. ಕೇಳಿದ್ದಕ್ಕೆ, "ಬೆಳಿ ಹೋಯ್ತು ಫಾದರ್. ಮಗಳ ಸಾಲಿ ಹೋಗಿಲ್ಲಲ್ರಿ" ಎಂದರು. ಹೋದದ್ದನ್ನು ಹೋಯಿತೆಂದೇ ಲೆಕ್ಕ ಹಾಕಿ, ಉಳಿದದ್ದನ್ನು ಬೇರೆ ಇಟ್ಟಿದ್ದರು.

ಮನೆಯಲ್ಲಿ ಇದಕ್ಕೊಂದು ರೂಢಿ ಬೇಕು. ಸಂತ ಇಗ್ನೇಷಿಯಸ್ ಲೊಯೋಲಾರವರು ಕಲಿಸಿದ ಆತ್ಮಶೋಧನೆ ಕೃತಜ್ಞತೆಯಿಂದಲೇ ಆರಂಭವಾಗುತ್ತದೆ. ತಪ್ಪುಗಳ ಲೆಕ್ಕ ಆಮೇಲೆ. ರಾತ್ರಿ ಜಪಸರ ಮುಗಿದ ಮೇಲೆ ಐದು ನಿಮಿಷ ಕುಳಿತುಕೊಳ್ಳಿ. ಆ ದಿನ ದೇವರಿಗೆ ವಂದನೆ ಹೇಳಬೇಕೆನಿಸಿದ್ದು ಒಂದು, ನೋವಾದದ್ದು ಒಂದು, ಮನೆಯವರೆಲ್ಲ ಹೇಳಲಿ. ಪೂರ್ತಿ ದಿನವಲ್ಲ, ಒಂದೊಂದೇ. ನೋವು ಹೇಳಿದವರಿಗೆ ಯಾರೂ ಬುದ್ಧಿ ಹೇಳಬಾರದು. ಅಂದು ಮನೆಗೆ ಬಂದ ಗುರುಗಳೂ ಹೇಳಬಾರದು!

ಆ ತಾಯಿಗೆ ಇದನ್ನು ಹೇಳಿಕೊಟ್ಟಿದ್ದೆ. ಈಗ ಭಾನುವಾರ ಪೂಜೆಯ ನಂತರ ಹಾಸ್ಟೆಲಿಗೆ ಫೋನು ಮಾಡಿ ತಾಯಿಮಗಳು ಇಬ್ಬರೂ ಹೇಳಿಕೊಳ್ಳುತ್ತಾರಂತೆ. ಆದರೆ ಅವರಲ್ಲಿ ಮೊದಲು ಕಷ್ಟ, ಆಮೇಲೆ ವಂದನೆ. ಸಂತರ ಕ್ರಮ ತಲೆಕೆಳಗಾಗಿದೆ. ನಾನು ತಿದ್ದಲು ಹೋಗಿಲ್ಲ.