ಗಣಕಯಂತ್ರಕ್ಕೆ ಚಿತ್ರ ಕಲಿಸಿದವರು

ಬಾಲ್ಯದ ಕನಸು ನೇರವಾದ ದಾರಿಯಲ್ಲಿ ಕೈಗೂಡುವುದು ಅಪರೂಪ. ದಾರಿ ಮುಚ್ಚಿದಾಗ ಕನಸನ್ನೇ ತೊರೆಯುವವರು ಹಲವರು. ಬೇರೊಂದು ದಾರಿಯನ್ನು ಅರಸುವವರು ಕೆಲವರು. ಎಡ್ವಿನ್ ಕ್ಯಾಟ್ಮಲ್ ಆ ಕೆಲವರಲ್ಲಿ ಒಬ್ಬರು.

ಕ್ಯಾಟ್ಮಲ್ ೧೯೪೫ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಜನಿಸಿದರು. ಅವರು ಬೆಳೆದುದು ಯೂಟಾ ರಾಜ್ಯದಲ್ಲಿ. ವಾಲ್ಟ್ ಡಿಸ್ನಿಯವರ ಚಲನಚಿತ್ರಗಳಲ್ಲಿ, ಬರೆದ ಚಿತ್ರಗಳೇ ಜೀವತಳೆದು ನಗುವುದನ್ನೂ ಅಳುವುದನ್ನೂ ಕಂಡು ಬಾಲಕನ ಮನಸ್ಸು ಸೂರೆಹೋಯಿತು. ತಾನೂ ಅಂತಹ ಚಿತ್ರಕಾರನಾಗಬೇಕೆಂದು ಆತ ಹಂಬಲಿಸಿದನು. ಆದರೆ ಅದಕ್ಕೆ ಬೇಕಾದಷ್ಟು ಕೈಚಳಕ ತನ್ನಲ್ಲಿಲ್ಲವೆಂಬುದು ಬೆಳೆದಂತೆಲ್ಲ ಮನವರಿಕೆಯಾಯಿತು. ಕುಂಚವನ್ನು ಬಿಟ್ಟು, ಯೂಟಾ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನವನ್ನೂ ಗಣಕವಿಜ್ಞಾನವನ್ನೂ ಅಭ್ಯಾಸಮಾಡಿದರು.

ಹಳೆಯ ಕನಸು ಅಲ್ಲಿ ಹೊಸ ರೂಪದಲ್ಲಿ ಎದುರಾಯಿತು. ಗಣಕಯಂತ್ರದಿಂದ ಚಿತ್ರ ಬರೆಯಿಸುವ ವಿದ್ಯೆಯ ಮೂಲಪುರುಷರಲ್ಲಿ ಒಬ್ಬರಾದ ಐವಾನ್ ಸದರ್ಲೆಂಡ್ ಅಲ್ಲಿ ಅಧ್ಯಾಪಕರಾಗಿದ್ದರು. ೧೯೭೨ರಲ್ಲಿ ಕ್ಯಾಟ್ಮಲ್ ತಮ್ಮ ಎಡಗೈಯ ಅಚ್ಚನ್ನು ತೆಗೆದು, ಅದರ ಮೇಲ್ಮೈಯನ್ನು ಸುಮಾರು ೩೫೦ ಪುಟ್ಟ ತ್ರಿಕೋನ, ಬಹುಭುಜಗಳಾಗಿ ವಿಂಗಡಿಸಿದರು. ಅವುಗಳ ಮೂಲೆಗಳ ಸ್ಥಾನವನ್ನು ಅಳೆದು, ಆ ಅಂಕಿಗಳನ್ನು ಯಂತ್ರಕ್ಕೆ ಒದಗಿಸಿದರು. ತೆರೆಯ ಮೇಲೆ ಒಂದು ಕೈ ಮೂಡಿ, ಬೆರಳುಗಳನ್ನು ಮಡಿಚಿ ಬಿಚ್ಚಿತು.

ಮುಂದಿರುವ ವಸ್ತು ಹಿಂದಿನದನ್ನು ಮರೆಮಾಡುತ್ತದೆ. ಇದು ನಮ್ಮ ಕಣ್ಣಿಗೆ ಸಹಜ, ಯಂತ್ರಕ್ಕೆ ತಿಳಿಯುವುದೆಂತು? ೧೯೭೪ರ ತಮ್ಮ ಸಂಶೋಧನ ಪ್ರಬಂಧದಲ್ಲಿ ಕ್ಯಾಟ್ಮಲ್ ಸರಳ ಉಪಾಯವೊಂದನ್ನು ಸೂಚಿಸಿದರು. ತೆರೆಯ ಪ್ರತಿಯೊಂದು ಬಿಂದುವಿಗೂ ಬಣ್ಣದ ಜೊತೆಗೆ ದೂರವನ್ನೂ ದಾಖಲಿಸಬೇಕು. ಅದಕ್ಕಿಂತ ಹತ್ತಿರದ ವಸ್ತು ಬಂದರೆ ಮಾತ್ರ ಬಣ್ಣವನ್ನು ಬದಲಾಯಿಸಬೇಕು. ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಪೂರ್ಣಪ್ರಮಾಣದ ಚಲನಚಿತ್ರವೊಂದನ್ನು ಗಣಕಯಂತ್ರದಿಂದಲೇ ರಚಿಸಬೇಕೆಂಬುದು ಅವರ ಗುರಿಯಾಯಿತು. ನ್ಯೂಯಾರ್ಕಿನ ಪ್ರಯೋಗಶಾಲೆಯೊಂದರಲ್ಲಿ ದುಡಿದು, ೧೯೭೯ರಲ್ಲಿ ಚಿತ್ರನಿರ್ಮಾಪಕ ಜಾರ್ಜ್ ಲ್ಯೂಕಾಸರ ಸಂಸ್ಥೆಯನ್ನು ಸೇರಿದರು. ಅಲ್ಲಿನ ಅವರ ವಿಭಾಗವನ್ನು ೧೯೮೬ರಲ್ಲಿ ಸ್ಟೀವ್ ಜಾಬ್ಸ್ ಕೊಂಡರು. ಅದೇ 'ಪಿಕ್ಸಾರ್' ಸಂಸ್ಥೆಯಾಯಿತು. ೧೯೯೫ರಲ್ಲಿ 'ಟಾಯ್ ಸ್ಟೋರಿ' ತೆರೆಕಂಡಿತು. ಎರಡು ದಶಕಗಳ ತಪಸ್ಸು ಫಲಿಸಿತು.

ಗುರಿ ಮುಟ್ಟಿದಾಗ ಅವರಿಗೆ ಹಿಗ್ಗಿನೊಡನೆ ಶೂನ್ಯಭಾವವೂ ಉಂಟಾಯಿತು. ಆಗಲೇ ಅವರಿಗೊಂದು ಸಂಗತಿ ತಿಳಿಯಿತು. ಚಿತ್ರದ ಕಾಲ, ವೆಚ್ಚಗಳನ್ನು ನೋಡಿಕೊಂಡಿದ್ದ ನಿರ್ವಾಹಕರು ಮುಂದಿನ ಚಿತ್ರಕ್ಕೆ ದುಡಿಯಲು ಹಿಂಜರಿಯುತ್ತಿದ್ದರು. ಕಲಾವಿದರೂ ತಂತ್ರಜ್ಞರೂ ತಮ್ಮನ್ನು ಕೀಳಾಗಿ ಕಂಡರೆಂಬುದು ಅವರ ಕೊರಗು. ತಮ್ಮ ಕೊಠಡಿಯ ಬಾಗಿಲು ಸದಾ ತೆರೆದಿದ್ದರೂ ಈ ನೋವು ತಮ್ಮ ಅರಿವಿಗೆ ಬಾರದೆಹೋದುದು ಕ್ಯಾಟ್ಮಲರನ್ನು ಕಲಕಿತು. ಯಾರು ಬೇಕಾದರೂ ಯಾರೊಡನೆಯಾದರೂ ಅಂಜದೆ ನೇರವಾಗಿ ಮಾತನಾಡಬಹುದೆಂಬ ನಿಯಮವನ್ನು ತಂದರು. ಸತ್ಯ ನುಡಿಯಲು ಯಾರೂ ಹೆದರದಂತಹ ಸಂಸ್ಥೆಯನ್ನು ಕಟ್ಟಿ ಉಳಿಸುವುದೇ ಅವರ ಹೊಸ ಗುರಿಯಾಯಿತು.

೨೦೦೬ರಲ್ಲಿ ಡಿಸ್ನಿ ಸಂಸ್ಥೆಯು ಪಿಕ್ಸಾರನ್ನು ಕೊಂಡಾಗ, ಎರಡೂ ಚಿತ್ರಶಾಲೆಗಳ ಅಧ್ಯಕ್ಷತೆ ಕ್ಯಾಟ್ಮಲರಿಗೆ ಒಲಿಯಿತು. ಚಿತ್ರಕಾರನಾಗಿ ಸೇರಲಾರೆನೆಂದು ಬಾಲಕನು ಕೈಬಿಟ್ಟಿದ್ದ ಮನೆಯನ್ನು ಅವರು ನಾಯಕರಾಗಿ ಹೊಕ್ಕರು. ಅವರು ೨೦೧೯ರಲ್ಲಿ ನಿವೃತ್ತರಾದರು. ಗಣಕವಿಜ್ಞಾನದ ಪರಮೋಚ್ಚ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯು, ೨೦೧೯ನೆಯ ಸಾಲಿಗೆ, ಅವರಿಗೂ ಪ್ಯಾಟ್ ಹ್ಯಾನ್ರಹನ್ ಅವರಿಗೂ ಸಂದಿತು.

ತನ್ನಲ್ಲಿ ಇಲ್ಲದುದನ್ನು ಅರಿಯುವುದು ಸೋಲಲ್ಲ. ಇರುವುದನ್ನು ಕನಸಿನ ಸೇವೆಗೆ ಒಪ್ಪಿಸುವುದೇ ಸಾಧನೆ. ಎತ್ತರಕ್ಕೇರಿದ ಮೇಲೂ ತಾನು ಕಾಣದುದೇನೆಂದು ಕೇಳಿ ತಿಳಿಯುವುದು ಅದಕ್ಕಿಂತ ಹಿರಿದು.