ರಾಜರ ಗೋರಿ ದೋಚಿದವರ ಬೆನ್ನು ಹತ್ತಿ

ಕ್ರಿ.ಪೂ. 1110ರ ಆಸುಪಾಸು, ಒಂಬತ್ತನೇ ರಾಮ್ಸೆಸ್ ಪಟ್ಟಕ್ಕೆ ಬಂದ 16ನೇ ವರ್ಷ. ಈಜಿಪ್ಟಿನ ಥೀಬ್ಸ್ ನಗರದಲ್ಲಿ ಹಳೆಯ ಅರಸರ ಗೋರಿಗಳನ್ನು ಯಾರೋ ದೋಚುತ್ತಿದ್ದಾರೆಂದು ಗುಲ್ಲೆದ್ದಿತು. ನೈಲ್ ನದಿಯ ಪೂರ್ವ ದಂಡೆಯ ಮೇಯರ್ ಪೇಸರ್ ದೂರು ಎತ್ತಿದ. ಗೋರಿಗಳಿದ್ದದ್ದು ಪಶ್ಚಿಮ ದಂಡೆಯಲ್ಲಿ, ಅಲ್ಲಿನ ಮೇಯರ್ ಪವೆರಾ ಎಂಬವನ ಸುಪರ್ದಿಯಲ್ಲಿ. ವಿಚಾರಣೆಯ ಕಾಗದಗಳು ಪಪೈರಸ್ ಸುರುಳಿಗಳಲ್ಲಿ ಇವತ್ತಿಗೂ ಉಳಿದಿವೆ. ನನ್ನ ಪತ್ತೇದಾರಿ ಕಾದಂಬರಿಗೆ ಆರಿಸಿಕೊಂಡದ್ದು ಇದೇ ಪ್ರಕರಣ. ಬರೆಯುತ್ತಾ ಗಟ್ಟಿಯಾದ ಕೆಲವು ಮಾತುಗಳು ಇಲ್ಲಿವೆ.

1. ಪಿರಮಿಡ್ಡನ್ನು ಮರೆತುಬಿಡಿ

ಪೇಸರ್‌ನ ಕಾಲಕ್ಕೆ ಗಿಜಾದ ಮಹಾ ಪಿರಮಿಡ್ಡಿಗೆ ಆಗಲೇ 1,400 ವರ್ಷ ದಾಟಿತ್ತು. ಥೀಬ್ಸ್‌ನಿಂದ ಅದು ಸುಮಾರು 500 ಕಿ.ಮೀ. ದೂರ. ಥೀಬ್ಸ್‌ನ ಕಲ್ಲುಕುಟಿಗನೊಬ್ಬ ಬದುಕಿಡೀ ಅದನ್ನು ನೋಡದೇ ಇದ್ದಿರಬಹುದು. ಹಾಗೆಯೇ ಒಂಟೆಗಳ ಸಾಲು, ಮಮ್ಮಿಯ ಶಾಪ, ಕ್ಲಿಯೋಪಾತ್ರ ಎಲ್ಲವನ್ನೂ ಹೊರಗಿಡಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಕನ್ನಡ ಮಾತುಗಳನ್ನು ಸೇರಿಸುವುದಿಲ್ಲವೇ ಎಂದು ನಮ್ಮವರು ಕೇಳುತ್ತಾರೆ. ವಿದ್ವಾಂಸ ಶಾಮಾಶಾಸ್ತ್ರಿಗಳು ಅದರಲ್ಲಿ ಕನ್ನಡ ಕಂಡದ್ದು ನಿಜ, ಆ ವಾದ ಇನ್ನೂ ಮುಗಿದಿಲ್ಲ. ಆದರೆ ಆ ಹಸ್ತಪ್ರತಿ ಕ್ರಿ.ಶ. 2ನೇ ಶತಮಾನದ್ದು. ಸಾವಿರದ ಇನ್ನೂರು ವರ್ಷವನ್ನು ಅಭಿಮಾನದಿಂದ ಜಿಗಿಯಲಾಗದು.

2. ಶಾಸನಕ್ಕಿಂತ ಹಾಜರಿ ಪಟ್ಟಿ ಮೇಲು

ದೇವಾಲಯದ ಗೋಡೆಯಲ್ಲಿ ಅರಸ ಯಾವಾಗಲೂ ಗೆದ್ದೇ ಇರುತ್ತಾನೆ. ಪತ್ತೇದಾರಿ ಕಥೆಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದು ಸುಣ್ಣಕಲ್ಲಿನ ಚಕ್ಕೆಯಿದೆ. ಅರಸರ ಗೋರಿ ಕೊರೆಯುತ್ತಿದ್ದ ದೇರ್ ಎಲ್ ಮದೀನಾ ಊರಿನ ಸುಮಾರು 40 ಮಂದಿ ಕೆಲಸಗಾರರ ಗೈರುಹಾಜರಿ ಲೆಕ್ಕ ಅದರ ಮೇಲಿದೆ, ಎರಡನೇ ರಾಮ್ಸೆಸ್‌ನ 40ನೇ ವರ್ಷದ್ದು. ತಾರೀಖು ಕಪ್ಪು ಶಾಯಿಯಲ್ಲಿ, ಅದರ ಮೇಲೆ ಕಾರಣ ಕೆಂಪು ಶಾಯಿಯಲ್ಲಿ: ಒಬ್ಬನಿಗೆ ಚೇಳು ಕುಟುಕಿದೆ, ಇನ್ನೊಬ್ಬನಿಗೆ ಕಣ್ಣು ಬೇನೆ, ಮತ್ತೊಬ್ಬ ಬಿಯರ್ ಕುದಿಸುತ್ತಿದ್ದಾನೆ, ಮಗದೊಬ್ಬ ಸತ್ತ ತಾಯಿಯ ಹೆಣಕ್ಕೆ ಬಟ್ಟೆ ಸುತ್ತುತ್ತಿದ್ದಾನೆ. ಕೊಲೆಯಾದ ದಿನ ನೀನೆಲ್ಲಿದ್ದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಕಚ್ಚಾ ಸಾಮಗ್ರಿ ಬೇಕೆ? ಚೇಳು ನಿಜಕ್ಕೂ ಕುಟುಕಿತ್ತೋ ಇಲ್ಲವೋ ಎಂಬಲ್ಲಿಂದ ನನ್ನ ಮೂರನೇ ಅಧ್ಯಾಯ ಹುಟ್ಟಿತು.

ಅಗಾಥಾ ಕ್ರಿಸ್ಟಿ ಈ ಗುಟ್ಟನ್ನು ಮೊದಲೇ ಹಿಡಿದಿದ್ದರು. 1944ರಲ್ಲಿ ಬಂದ ಅವರ ಈಜಿಪ್ಟ್ ಕಾದಂಬರಿಗೆ ಪ್ರೇರಣೆ ಹೆಕನಖ್ತ್ ಎಂಬ ಜಮೀನುದಾರನ ಪತ್ರಗಳು. ಅವುಗಳಲ್ಲಿರುವುದು ಯಾರಿಗೆ ಎಷ್ಟು ಧಾನ್ಯ, ಮನೆಗೆ ತಂದ ಹೆಂಗಸಿನ ಜೊತೆ ಯಾರು ಹೇಗೆ ನಡೆದುಕೊಂಡರು ಎಂಬ ಮನೆವಾರ್ತೆ.

3. ಕದ್ದ ಮಾಲಿನ ಜಾಡು ಹಿಡಿಯಿರಿ

ಅಲ್ಲಿ ನಾಣ್ಯವಿರಲಿಲ್ಲ. ಬೆಲೆಯನ್ನು ದೆಬೆನ್ ಎಂಬ ತೂಕದಲ್ಲಿ, ಅಂದರೆ ಸುಮಾರು 91 ಗ್ರಾಂ ಲೆಕ್ಕದಲ್ಲಿ ಹೇಳುತ್ತಿದ್ದರು. ಕೂಲಿ ಬರುತ್ತಿದ್ದದ್ದು ಧಾನ್ಯದಲ್ಲಿ. ಕೂಲಿಯವನ ಮನೆಯಲ್ಲಿ ಬೆಳ್ಳಿ ಕಂಡರೆ ನೆರೆಯವಳು ಸುಮ್ಮನಿದ್ದಾಳೆಯೇ? ಮುಂದಿನ ಒಂದು ವಿಚಾರಣೆಯಲ್ಲಿ ಬೆಳ್ಳಿ ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ ಒಬ್ಬಾಕೆ, ಕತ್ತೆಕಿರುಬಗಳ ವರ್ಷ, ಹಸಿವಿನ ಕಾಲದಲ್ಲಿ ಬಾರ್ಲಿ ಕೊಟ್ಟು ಪಡೆದದ್ದೆಂದು ಹೇಳಿದ್ದಾಳೆ. ನಿಜವೂ ಇರಬಹುದು, ಸೊಗಸಾದ ಸುಳ್ಳೂ ಇರಬಹುದು. ಇಂಥ ಪಾತ್ರವನ್ನು ಕಲ್ಪಿಸಿ ಬರೆಯುವುದು ನನ್ನ ಕೈಯಲ್ಲಿ ಆಗದ ಕೆಲಸ.

4. ತಪ್ಪೊಪ್ಪಿಗೆಯಲ್ಲಿ ಕಥೆ ಮುಗಿಸಬೇಡಿ

ನನ್ನ ಮಟ್ಟಿಗೆ ಇದೇ ಮುಖ್ಯ ಪಾಠ. ಮಾಮೂಲಿ ಪತ್ತೇದಾರಿ ಕಾದಂಬರಿ ಅಪರಾಧಿ ಬಾಯಿ ಬಿಡುವಲ್ಲಿ ಮುಗಿಯುತ್ತದೆ. ಥೀಬ್ಸ್‌ನಲ್ಲಿ ಬಾಯಿ ಬಿಡಿಸುವುದು ಕಷ್ಟವೇ ಅಲ್ಲ. ಅಂಗೈ ಅಂಗಾಲಿಗೆ ಕೋಲಿನಿಂದ ಬಾರಿಸುತ್ತಿದ್ದರು. ತಾಮ್ರದ ಕೆಲಸದ ಪೈಖಾರು ಎಂಬವನು ಇಸಿಸ್ ಎಂಬ ರಾಣಿಯ ಗೋರಿಯಿಂದ ಕದ್ದೆನೆಂದು ಒಪ್ಪಿಕೊಂಡಿದ್ದ. ಅಧಿಕಾರಿಗಳು ಅವನ ಕಣ್ಣು ಕಟ್ಟಿ ಗೋರಿಗಳ ಕಣಿವೆಗೆ ಕರೆದೊಯ್ದರು, ಕಣ್ಣಿನ ಪಟ್ಟಿ ಬಿಚ್ಚಿ ಜಾಗ ತೋರಿಸೆಂದರು. ಅವನು ತೋರಿಸಿದ್ದು ಯಾರನ್ನೂ ಹೂಳದ ಒಂದು ಖಾಲಿ ಗೋರಿ ಮತ್ತು ಒಬ್ಬ ಕೆಲಸಗಾರನ ಗುಡಿಸಲು. ಹೊಡೆದರೂ ಆಣೆ ಹಾಕಿಸಿದರೂ ಬೇರೇನೂ ಹೊರಬರಲಿಲ್ಲ.

ಇನ್ನೊಬ್ಬ ಆರೋಪಿ ಅಮೆನ್‌ಪನುಫರ್ ಎಂಬ ಕಲ್ಲುಕುಟಿಗ. ಅವನ ಹೇಳಿಕೆ ಪುಂಖಾನುಪುಂಖ: ಸೊಬೆಕೆಂಸಫ್ ಅರಸನ ಗೋರಿಗೆ ಸುರಂಗ ಕೊರೆದದ್ದು, ಬಂಗಾರ ಕಿತ್ತದ್ದು, ಪೆಟ್ಟಿಗೆಗಳಿಗೆ ಬೆಂಕಿ ಇಟ್ಟದ್ದು, ಎಂಟು ಮಂದಿ ತಲಾ 20 ದೆಬೆನ್ ಹಂಚಿಕೊಂಡದ್ದು. ಆಮೇಲೆ ಸಿಕ್ಕಿಬಿದ್ದಾಗ ತನ್ನ ಪಾಲಿನ ಬಂಗಾರವನ್ನು ಒಬ್ಬ ಗುಮಾಸ್ತನಿಗೆ ಕೊಟ್ಟು ಹೊರಬಂದದ್ದು, ಜೊತೆಗಾರರು ಅವನಿಗೆ ಮತ್ತೆ ಪಾಲು ಕೊಟ್ಟದ್ದು. ಹೆಚ್ಚುಕಡಿಮೆ 1.8 ಕಿಲೋ ಬಂಗಾರದ ಲಂಚ! ಓದುಗನಿಗೆ ಕಳ್ಳ ಯಾರೆಂದು ನಡುವಿನಲ್ಲೇ ಹೇಳಿಬಿಡಿ. ಬಂಗಾರ ನುಂಗಿದ ಗುಮಾಸ್ತನ ಮೇಲಿನವರು ಯಾರು ಎಂಬುದನ್ನು ಕೊನೆಯವರೆಗೆ ಎಳೆಯಿರಿ.

5. ದೇವರನ್ನೂ ಸಾಕ್ಷಿಯ ಪಟ್ಟಿಗೆ ಸೇರಿಸಿ

ಮೊದಲನೇ ಅಮೆನ್‌ಹೊತೆಪ್ ಅರಸ ದೇರ್ ಎಲ್ ಮದೀನಾದ ಕೆಲಸಗಾರರ ಊರದೇವರಾಗಿದ್ದ. ಮೂರ್ತಿಯನ್ನು ಹೆಗಲಲ್ಲಿ ಹೊತ್ತು ತಂದಾಗ ಶಂಕಿತರ ಹೆಸರು ಓದುತ್ತಿದ್ದರು, ದೇವರು ತಲೆದೂಗಿದರೆ ಅವನೇ ಕಳ್ಳ. ಪಲ್ಲಕ್ಕಿ ಹೊತ್ತವರು ಯಾರು ಎಂದು ನಿಮ್ಮ ಪತ್ತೇದಾರ ಕೇಳಲೇಬೇಕು. ಆದರೆ ದೇವರಿಲ್ಲ ಎನ್ನುವ ಇಪ್ಪತ್ತೊಂದನೇ ಶತಮಾನದ ಬುದ್ಧಿಯನ್ನು ಅವನ ತಲೆಗೆ ತುರುಕಬೇಡಿ.

6. ಕಾಗದ ಬರೆದವರು ಯಾರ ಕಡೆಯವರು?

ಪೇಸರ್‌ನ ದೂರಿನ ಮೇಲೆ ಹೋದ ತನಿಖಾ ತಂಡ ಹತ್ತು ಅರಸರ ಗೋರಿ ನೋಡಿ ಒಂದೇ ಒಂದು ದರೋಡೆಯಾಗಿದೆ ಎಂದಿತು. ಪಶ್ಚಿಮ ದಂಡೆಯವರು ಪೇಸರ್‌ನ ಮನೆ ಬಾಗಿಲಿನವರೆಗೂ ಹೋಗಿ ವಿಜಯೋತ್ಸವ ಮಾಡಿದರು. ಇದನ್ನೆಲ್ಲ ಹೇಳುವ ಅಬಟ್ ಪಪೈರಸ್ ಪವೆರಾನ ಪಕ್ಷಕ್ಕೆ ವಾಲಿದ ದಾಖಲೆ ಎಂಬುದನ್ನು ಮರೆತರೆ ಕಥೆ ಕೆಟ್ಟಿತು. ಮರುವರ್ಷವೇ ಇಸಿಸ್ ರಾಣಿಯ ಗೋರಿ ಒಡೆದು ಸೂರೆಯಾಗಿರುವುದು ಬಯಲಾಯಿತು. ಪವೆರಾ ಆಗಲೂ ಅದೇ ಕುರ್ಚಿಯಲ್ಲಿದ್ದ. ಕೊನೆಯ ಪುಟದಲ್ಲಿ ನ್ಯಾಯ ಸಿಗಲೇಬೇಕೆನ್ನುವ ಲೇಖಕರು ಬೇರೆ ಅರಸನ ಕಾಲವನ್ನು ಹುಡುಕಿಕೊಳ್ಳಿ.